ಹಳೇ ಸಿಡಿಗಳನ್ನು ಫ್ಲಾಕ್ ಮಾಡಲು ಯಾವ ಸಾಫ್ಟ್‌ವೇರ್? ಮೂರು ಸಾಫ್ಟ್‌ವೇರ್ ಬಳಸಿ ನೋಡಿದೆ

ರಾಯಚೂರಿನ ನಮ್ಮ ಮನೆಯಲ್ಲಿ ಸಿಡಿಗಳು ಜಾಸ್ತಿ. ಮಾನ್ವಿಯ ಜಗನ್ನಾಥದಾಸರ ಪದಗಳು, ವಿಜಯದಾಸರ ಸುಳಾದಿಗಳು, ಒಂದಿಷ್ಟು ಹಿಂದೂಸ್ತಾನಿ ಗಾಯನ. ಬಹುಪಾಲು ಈಗ ಅಂಗಡಿಯಲ್ಲಿ ಕೇಳಿದರೂ ಸಿಗುವುದಿಲ್ಲ. ಅದಕ್ಕೇ ಧ್ವನಿ ಒಂದಿಷ್ಟೂ ಕೆಡದಂತೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಡಬೇಕು ಅಂತ ಹೊರಟೆ.

ಫೈಲ್ ಯಾವ ಬಗೆಯದು ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಿಡಿಯ ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲಾಕ್ ಅಂದರೆ ಧ್ವನಿ ಕೆಡದಂತೆ ಫೈಲನ್ನು ಕುಗ್ಗಿಸುವ ಬಗೆ; ಅದಕ್ಕೆ ವೇವ್‌ನ ಅರ್ಧದ ಆಸುಪಾಸು ಜಾಗ ಸಾಕು, ಧ್ವನಿ ಮಾತ್ರ ಸಿಡಿಯಲ್ಲಿ ಇದ್ದದ್ದೇ: 16 ಬಿಟ್, 44.1 ಕಿಲೋಹರ್ಟ್ಸ್. ರಾಗ, ತಾಳ, ಅಂಕಿತ ಎಲ್ಲವನ್ನೂ ಕನ್ನಡದಲ್ಲೇ ಟ್ಯಾಗ್ ಮಾಡಬಹುದು. ಐಫೋನ್‌ನ ಆ್ಯಪಲ್ ಮ್ಯೂಸಿಕ್‌ನಲ್ಲೇ ಕೇಳುವವರಿಗೆ ಫ್ಲಾಕ್‌ನಂಥದ್ದೇ ಆ್ಯಪಲ್‌ನ ಎಎಲ್‌ಎಸಿ ಅನುಕೂಲ.

ಕಷ್ಟ ಇರುವುದು ಸಿಡಿ ಓದಿಸುವುದರಲ್ಲಿ. ಕಂಪ್ಯೂಟರ್ ಜೊತೆಗೇ ಬಂದಿದ್ದ ಪ್ಲೇಯರ್ ಎಲ್ಲಕ್ಕಿಂತ ಬೇಗ ಕೆಲಸ ಮುಗಿಸಿತು. ಗೀರಿಲ್ಲದ ಸಿಡಿಗೆ ಅದು ಸಾಕು. ಆದರೆ ಗೀರು ಬಿದ್ದ ಕಡೆ ಏನಾಯಿತು ಅಂತ ಅದು ಹೇಳುವುದಿಲ್ಲ. ತಪ್ಪು ಎಲ್ಲಿದೆ ಅಂತ ತಿಳಿಯಲು ಇಡೀ ಹಾಡು ಕೂತು ಕೇಳಬೇಕು.

ಎರಡನೆಯದು ಕ್ಯೂರಿಪ್ಪರ್. ಉಚಿತ, ಸೆಟ್ಟಿಂಗ್ ಸಲೀಸು. ಅದೇ ಸಿಡಿಯನ್ನು ಬೇರೆಯವರು ಓದಿಸಿದಾಗ ಬಂದ ಲೆಕ್ಕದ ಆನ್‌ಲೈನ್ ಪಟ್ಟಿಯ ಜೊತೆ ನಮ್ಮದನ್ನು ತಾಳೆ ನೋಡುತ್ತದೆ, ಸಣ್ಣಪುಟ್ಟ ದೋಷವನ್ನು ಸರಿಪಡಿಸಲೂ ಬಲ್ಲದು. ಆದರೆ ಸಿಡಿ ಆ ಪಟ್ಟಿಯಲ್ಲಿ ಇದ್ದರೆ ತಾನೇ? ಹಿಂದೂಸ್ತಾನಿಯವು ಕೆಲವು ಸಿಕ್ಕವು. ದಾಸರ ಪದಗಳ ಸಿಡಿಗಳು ಬಹುಪಾಲು ಅಲ್ಲಿ ಇರಲೇ ಇಲ್ಲ.

ಅಲ್ಲೇ ಎಕ್ಸಾಕ್ಟ್ ಆಡಿಯೊ ಕಾಪಿ ನನಗೆ ಇಷ್ಟವಾಯಿತು. ಇದೂ ಉಚಿತ, ವಿಂಡೋಸ್‌ಗೆ ಮಾತ್ರ. ಮೊದಲ ಸಲ ಸೆಟ್ಟಿಂಗ್ ಮಾಡಲು ತಾಳ್ಮೆ ಬೇಕು. ಆದರೆ ಇದರ 'ಟೆಸ್ಟ್ ಆ್ಯಂಡ್ ಕಾಪಿ'ಗೆ ಯಾರ ಪಟ್ಟಿಯೂ ಬೇಡ. ಪ್ರತಿ ಹಾಡನ್ನೂ ಎರಡು ಸಲ ಓದಿ, ಎರಡೂ ಸಲದ ಸಿಆರ್‌ಸಿ (ಓದಿದ್ದರಿಂದ ಲೆಕ್ಕ ಹಾಕಿದ ತಾಳೆಯ ಸಂಖ್ಯೆ) ತೋರಿಸುತ್ತದೆ. ಎರಡೂ ಒಂದೇ ಆದರೆ ಧೈರ್ಯವಾಗಿ ಮುಂದೆ ಹೋಗಬಹುದು. ಒಂದು ಸುಳಾದಿಯ ನಡುವೆ ಗೀರಿತ್ತು. ಅಲ್ಲಿಗೆ ಬಂದ ಕೂಡಲೇ ವೇಗ ತಗ್ಗಿತು, ಪರದೆಯ ಮೇಲೆ ಕೆಂಪು ಚೌಕಗಳು ಒಂದೊಂದಾಗಿ ಹೊತ್ತಿಕೊಂಡವು. ಅದೇ ಜಾಗವನ್ನು ಮತ್ತೆ ಮತ್ತೆ ಓದುತ್ತಿದೆ ಅಂತ ಅರ್ಥ. ಆದರೂ ಅನುಮಾನ ಉಳಿದರೆ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ ವರದಿಯಲ್ಲಿ ಬರೆದಿಡುತ್ತದೆ. ಅಷ್ಟೇ ಭಾಗ ಕೇಳಿ ನೋಡಿದರಾಯಿತು. ಆ ಸಿಡಿಯನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ ಮತ್ತೆ ಹಾಕಿದೆ. ಸಿಆರ್‌ಸಿ ಎರಡೂ ಸಲ ಒಂದೇ ಬಂತು! ದುಂಡಗೆ ಮಾತ್ರ ಒರೆಸಬೇಡಿ, ಹೊಸ ಗೀರು ಹಾಡಿನ ಉದ್ದಕ್ಕೂ ಬೀಳುತ್ತದೆ.

ಸಮಯ ಹಿಡಿಯುತ್ತದೆ ನಿಜ. ಸಿಗದ ಸಿಡಿಗಳಿಗೆ ಅಷ್ಟು ಹೊತ್ತು ಕೊಡಬೇಕು ಅಲ್ವಾ?

ಇನ್ನೊಂದು ವಿಷಯ. ಒಂದೇ ಸಿಡಿಯಲ್ಲಿ ನೂರಾರು ಹಾಡು ಇದ್ದರೆ ಅದು ಎಂಪಿ3 ಸಿಡಿ. ಅದನ್ನು ಫ್ಲಾಕ್ ಮಾಡಿದರೆ ಸುಮ್ನೆ ಜಾಗ ದಂಡ, ಎಂಪಿ3 ಮಾಡುವಾಗಲೇ ಹೋದ ಧ್ವನಿ ವಾಪಸ್ ಬರುವುದಿಲ್ಲ. ಇದ್ದ ಹಾಗೇ ಕಾಪಿ ಮಾಡಿಕೊಳ್ಳಿ.