‘ಸೆಕ್ಯೂರ್ ಬೂಟ್ ಆಫ್ ಮಾಡಿ ಸಾರ್’ ಅಂದರೆ ಅಲ್ಲೇ ಬೇಡ ಅನ್ನಿ

ಎರಡು ಕಂಪ್ಯೂಟರ್ ಜೋಡಿಸುವ ಕೇಬಲ್ ಮಾರುವವನು ‘ಇದಕ್ಕೆ ನಮ್ಮದೇ ಡ್ರೈವರ್ ಹಾಕಬೇಕು, ಮೊದಲು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ’ ಅಂದರೆ ಕೇಬಲ್ ಅಲ್ಲೇ ಇಟ್ಟು ಎದ್ದು ಬನ್ನಿ. (ಡ್ರೈವರ್ ಅಂದರೆ ಒಂದು ಸಾಧನವನ್ನು ವಿಂಡೋಸ್ ಬಳಸಲು ಬೇಕಾದ ಪ್ರೋಗ್ರಾಂ. ಬಯಾಸ್ ಅಂದರೆ ವಿಂಡೋಸಿಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ. ಸೆಕ್ಯೂರ್ ಬೂಟ್ ಅಂದರೆ ಮಿಷನ್ ಶುರುವಾಗುವಾಗ ನಂಬಿಕೆಯ ಸಹಿ ಇಲ್ಲದ ಪ್ರೋಗ್ರಾಂ ಒಳಗೆ ಬರದಂತೆ ತಡೆಯುವ ಕಾವಲು.) ತುಮಕೂರಿನಲ್ಲಿ ನನ್ನ ಹಾಗೆ ಮನೆಯಲ್ಲೇ ಡಿಟಿಪಿ ಮಾಡಿಕೊಂಡಿರುವವರು ಬಹಳ ಜನ ಇದ್ದೀರಿ. ನನ್ನನ್ನು ಕಾಡಿದ ಅದೇ ಕೇಬಲ್, ಅದೇ ಡ್ರೈವರ್ ಇನ್ನೂ ಓಡಾಡುತ್ತಿದೆ ಅಂತ ಗೊತ್ತಾಗಿ ಬರೆಯುತ್ತಿದ್ದೇನೆ.

ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ನನ್ನದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ವಿಂಡೋಸ್ 10. ಪೇಜ್‌ಮೇಕರ್ 7, ಕೋರೆಲ್, ನುಡಿ ಎಲ್ಲ ಅದರಲ್ಲೇ. ಪೇಜ್‌ಮೇಕರ್ ಹೆಸರು ಕೇಳಿ ನಗಬೇಡಿ, ‘ಅಕ್ಕನ ಮದುವೇಲಿ ಮಾಡಿದ್ರಲ್ಲ, ಅದೇ ಡಿಸೈನ್ ಇರಲಿ’ ಅಂತ ಬರುವ ಗಿರಾಕಿಗಳು ಇರುವ ತನಕ ಅದು ಇರುತ್ತದೆ. ಇನ್ನೊಂದು ತಮ್ಮನ ಮಿಷನ್, ಲಿನಕ್ಸ್ ಮಿಂಟ್. ಅದರಲ್ಲಿ ದೊಡ್ಡ ಹಾರ್ಡ್‌ಡಿಸ್ಕ್ ಖಾಲಿ ಬಿದ್ದಿತ್ತು. ಹಳೇ ಲಗ್ನಪತ್ರಿಕೆ ಫೈಲು, ಫೋಟೊಗಳನ್ನೆಲ್ಲ ಅಲ್ಲಿಗೆ ಸಾಗಿಸಬೇಕಿತ್ತು.

ಪರಿಚಯದ ಅಂಗಡಿಯಲ್ಲಿ ಒಂದು ಯುಎಸ್‌ಬಿ ಲಿಂಕ್ ಕೇಬಲ್ ಕೊಟ್ಟರು. ಎರಡೂ ತುದಿಗೆ ಯುಎಸ್‌ಬಿ ಪಿನ್, ನಡುವೆ ಒಂದು ಉಬ್ಬು, ಅದರೊಳಗೆ ಚಿಪ್. (ನಡುವೆ ಚಿಪ್ ಇಲ್ಲದ ಬರೀ ಕೇಬಲ್ ಸಿಕ್ಕರೆ ಎರಡು ಮಿಷನ್‌ಗಳಿಗೆ ಹಾಕಲೇಬೇಡಿ. ಎರಡೂ ಕಡೆಯಿಂದ 5 ವೋಲ್ಟ್ ಬಂದು ಡಿಕ್ಕಿಯಾಗುತ್ತದೆ, ಪೋರ್ಟ್ ಸುಡಬಹುದು.) ತಮ್ಮನ ಮಿಂಟ್ ಇದನ್ನು ಚುಚ್ಚಿದ ಕೂಡಲೇ ನೆಟ್‌ವರ್ಕ್ ಕಾರ್ಡ್ ಅಂತ ಗುರುತಿಸಿತು, ಇಂಥ ಚಿಪ್‌ಗಳ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ (ಇಡೀ ಸಿಸ್ಟಮ್ಮನ್ನು ನಡೆಸುವ ಒಳತಿರುಳಿನಲ್ಲೇ) ಇರುತ್ತದೆ. ವಿಂಡೋಸ್ ಗುರುತಿಸಲಿಲ್ಲ. ಅಂಗಡಿಗೆ ಫೋನ್ ಮಾಡಿದ್ದಕ್ಕೆ ಹುಡುಗ ವಾಟ್ಸಾಪ್‌ನಲ್ಲಿ ಒಂದು ಜಿಪ್ ಕಳಿಸಿದ. ವಿಂಡೋಸ್ ‘ಸಹಿ ಇಲ್ಲ’ (ಅಂದರೆ ಯಾರು ಮಾಡಿದ್ದು ಅನ್ನುವುದಕ್ಕೆ ಡಿಜಿಟಲ್ ಖಾತ್ರಿ ಇಲ್ಲ) ಅಂತ ಅದನ್ನು ತಿರಸ್ಕರಿಸಿತು. ‘ಅದು ಎಲ್ಲಾರಿಗೂ ಹಂಗೇ ಬರ್ತದೆ ಸಾರ್, ಏನೂ ಆಗಲ್ಲ, ನಾನೇ ಬಂದು ಹಾಕ್ಕೊಡ್ತೀನಿ’ ಅಂದ. ಬಂದ. ಸೆಕ್ಯೂರ್ ಬೂಟ್ ಆಫ್ ಮಾಡಿದ, ವಿಂಡೋಸನ್ನು ಟೆಸ್ಟ್ ಮೋಡ್‌ಗೆ (ಮೈಕ್ರೋಸಾಫ್ಟ್ ಸಹಿ ಇಲ್ಲದ ಡ್ರೈವರನ್ನೂ ಒಪ್ಪುವ ಸ್ಥಿತಿಗೆ) ತಂದ, ಡ್ರೈವರ್ ಹಾಕಿದ, ಒಂದು ಚಿಕ್ಕ ಫೈಲ್ ಕಳಿಸಿ ತೋರಿಸಿ ದುಡ್ಡು ಇಸ್ಕೊಂಡು ಹೋದ.

ಆ ಸಹಿಯ ವಿಷಯ ಸುಮ್ಮನೆ ಇರುವ ಕಿರಿಕಿರಿಯಲ್ಲ. ಡ್ರೈವರ್ ಓಡುವುದು ಕರ್ನಲ್ ಒಳಗೆ. ಕೋರೆಲ್ ಕೈಕೊಟ್ಟರೆ ಕೋರೆಲ್ ಒಂದೇ ಮುಚ್ಚಿಕೊಳ್ಳುತ್ತದೆ, ನೆಟ್‌ವರ್ಕ್ ಡ್ರೈವರ್ ಕೈಕೊಟ್ಟರೆ ಇಡೀ ವಿಂಡೋಸ್ ಬೀಳುತ್ತದೆ. ಅದು ಕೆಟ್ಟವರು ಬರೆದದ್ದಾದರೆ ನೀವು ಒತ್ತುವ ಕೀಲಿಯಿಂದ ಹಿಡಿದು ಎಲ್ಲವನ್ನೂ ನೋಡಬಹುದು. ಅದಕ್ಕೇ 2016ರ ವಿಂಡೋಸ್ 10 ಆವೃತ್ತಿ 1607ರಿಂದ ಹೊಸ ಕರ್ನಲ್ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಸಹಿಯೇ ಬೇಕು ಅಂತ ಮಾಡಿದ್ದು. ಟೆಸ್ಟ್ ಮೋಡ್ ಇರುವುದು ಡ್ರೈವರ್ ಬರೆಯುವವರಿಗೆ, ಗಿರಾಕಿಗಳ ಮಿಷನ್‌ಗಲ್ಲ.

ರಾತ್ರಿ ದೊಡ್ಡ ಫೋಲ್ಡರ್ ಕಳಿಸಲು ಇಟ್ಟಾಗ ನೀಲಿ ಸ್ಕ್ರೀನ್ ಬಂತು. ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’, ಕೆಳಗೆ ಆ ಡ್ರೈವರ್ ಫೈಲಿನದೇ ಹೆಸರು. ಮಿಷನ್ ತಾನಾಗಿ ರೀಸ್ಟಾರ್ಟ್ ಆಗುವುದು, ಮತ್ತೆ ಬೀಳುವುದು. ಮದುವೆ ಸೀಸನ್, ಪ್ರೂಫ್ ನೋಡಲು ಗಿರಾಕಿ ಬಾಗಿಲಲ್ಲಿ. ‘ರೀ, ಮುಹೂರ್ತ ತಪ್ಪಿದ್ರೆ ಅವರು ನಮ್ಮನ್ನ ಬಿಡ್ತಾರಾ?’ ಅಂದಳು ಹೆಂಡತಿ.

ಅಂಗಡಿಯವರು ಒಪ್ಪಲಿಲ್ಲ. ‘ನಿಮ್ಮ ಸಿಸ್ಟಮ್ಮೇ ಹಳೇದು’ ಅಂದರು. ಹುಡುಗ ಮತ್ತೆ ಬಂದು, ಕೇಬಲ್ ಸರಿಯಿದೆ ಅಂತ ತೋರಿಸಲು ಮಗಳ ಕಾಲೇಜ್ ಲ್ಯಾಪ್‌ಟಾಪ್ ಎಳೆದುಕೊಂಡು, ಯಾರನ್ನೂ ಕೇಳದೆ ಅದರಲ್ಲೂ ಸೆಕ್ಯೂರ್ ಬೂಟ್ ಆಫ್ ಮಾಡಿಬಿಟ್ಟ. ನಿಜವಾದ ಪಜೀತಿ ಶುರುವಾದದ್ದು ಇಲ್ಲಿ. ಅದು ವಿಂಡೋಸ್ 11 ಹೋಮ್. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದರೆ ಡಿಸ್ಕ್ ಸಾಮಾನ್ಯವಾಗಿ ತಾನೇ ಎನ್‌ಕ್ರಿಪ್ಟ್ ಆಗುತ್ತದೆ (ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ), ಹಾಗೆ ಆಗಿದೆ ಅಂತ ಎಷ್ಟೋ ಜನಕ್ಕೆ ತಿಳಿದೇ ಇರುವುದಿಲ್ಲ. ಸೆಕ್ಯೂರ್ ಬೂಟ್ ಬದಲಾದ ಕೂಡಲೇ ಲ್ಯಾಪ್‌ಟಾಪಿನಲ್ಲಿ ಆ ಬೀಗದ ಕೀ ಕಾಯುವ ಟಿಪಿಎಂ ಚಿಪ್ ಕೀ ಕೊಡುವುದನ್ನು ನಿಲ್ಲಿಸುತ್ತದೆ. ಪರದೆ ಮೇಲೆ ಬಿಟ್‌ಲಾಕರ್ (ವಿಂಡೋಸಿನ ಆ ಡಿಸ್ಕ್ ಬೀಗದ ಹೆಸರು), 48 ಅಂಕಿಯ ರಿಕವರಿ ಕೀ ಹಾಕಿ ಅಂತ.

ಆ ಕೀ ಇರುವುದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ಅಕೌಂಟ್ ಯಾರದು? ಲ್ಯಾಪ್‌ಟಾಪ್ ಮಾರಿದ ಇನ್ನೊಂದು ಅಂಗಡಿಯವರು ‘ಸೆಟಪ್ ಮಾಡಿಕೊಡ್ತೀವಿ’ ಅಂತ ತಮ್ಮದೇ ಒಂದು ಮೇಲ್ ಹಾಕಿದ್ದರು, ಅದರ ಪಾಸ್‌ವರ್ಡ್ ಅವರಿಗೇ ನೆನಪಿಲ್ಲ. ‘ಅಪ್ಪಾ, ನನ್ನ ಪ್ರಾಜೆಕ್ಟ್ ಪೂರ್ತಿ ಅದರಲ್ಲೇ ಇದೆ’ ಅಂತ ಮಗಳು ಅಳುವಂತಾದಳು. ಹುಡುಗ ‘ಫಾರ್ಮ್ಯಾಟ್ ಮಾಡೋಣ’ ಅಂದ. ತಮ್ಮ ಅವನನ್ನು ಎಬ್ಬಿಸಿ, ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದ. ಎಲ್ಲ ಮೊದಲಿದ್ದಂತೆ ಆಗಿದ್ದರಿಂದ ಚಿಪ್ ಕೀ ಬಿಟ್ಟುಕೊಟ್ಟಿತು, ವಿಂಡೋಸ್ ತೆರೆಯಿತು. ಫಾರ್ಮ್ಯಾಟ್‌ಗೆ ‘ಹೂಂ’ ಅಂದಿದ್ದರೆ ಪ್ರಾಜೆಕ್ಟ್ ಕೈಬಿಟ್ಟು ಹೋಗುತ್ತಿತ್ತು.

ಇಷ್ಟಕ್ಕೂ ಬೇಕಾಗಿದ್ದದ್ದು ಒಂದು ಮಾಮೂಲಿ ಲ್ಯಾನ್ ಕೇಬಲ್. ಎರಡೂ ಮಿಷನ್‌ನಲ್ಲಿ ಲ್ಯಾನ್ ಪೋರ್ಟ್ ಇತ್ತು. ಗಿಗಾಬಿಟ್ ಪೋರ್ಟ್‌ಗಳಿಗೆ ಹಳೇ ಕಾಲದ ಕ್ರಾಸ್ ಕೇಬಲ್ ಬೇಕಿಲ್ಲ. ನೇರ ಚುಚ್ಚಿ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ ಅಂತ ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2, ಎರಡಕ್ಕೂ ಮಾಸ್ಕ್ 255.255.255.0, ಗೇಟ್‌ವೇ ಖಾಲಿ. ಹಾಗೆ ಕೊಡದಿದ್ದರೆ 169.254 ಅಂತ ಶುರುವಾಗುವ ವಿಳಾಸ ಕಾಣುತ್ತದೆ, ಅದನ್ನು ನೋಡಿ ಡ್ರೈವರ್ ಕೆಟ್ಟಿದೆ ಅನ್ನುವವರ ಮಾತು ಕೇಳಬೇಡಿ. ಪಿಂಗ್ (ಒಂದು ಮಿಷನ್ ಇನ್ನೊಂದನ್ನು ಕರೆದು ನೋಡುವ ಪರೀಕ್ಷೆ) ಹೋಗದಿದ್ದರೂ ಅಷ್ಟೇ: ವಿಂಡೋಸ್ ಆ ನೆಟ್‌ವರ್ಕನ್ನು ಪಬ್ಲಿಕ್ ಅಂದುಕೊಂಡು ಫೈರ್‌ವಾಲ್‌ನಲ್ಲಿ ತಡೆದಿರುತ್ತದೆ, ಪ್ರೈವೇಟ್ ಮಾಡಬೇಕು. ವಿಂಡೋಸ್‌ನಲ್ಲಿ ಫೋಲ್ಡರ್ ಶೇರ್ ಮಾಡಿ ಮಿಂಟ್‌ನಿಂದ ತೆರೆಯುವಾಗ ಪಿನ್ ನಡೆಯುವುದಿಲ್ಲ, ಅಕೌಂಟಿನ ಪಾಸ್‌ವರ್ಡೇ ಬೇಕು. ನಮಗೆ ಹೆಚ್ಚು ಹೊತ್ತು ಹಿಡಿಸಿದ್ದು ಇದೊಂದೇ. ಯಾರಾದರೂ ‘ಎಸ್‌ಎಂಬಿ 1 ಆನ್ ಮಾಡಿ’ (ಫೈಲ್ ಹಂಚುವ ಹಳೇ ವಿಧಾನ ಅದು) ಅಂದರೆ ಅದೂ ಬೇಡ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವಾನ್ನಾಕ್ರೈ ಹರಡಿದ್ದು ಅದರ ದೋಷದಿಂದಲೇ. ಹೊಸ ಲ್ಯಾಪ್‌ಟಾಪಿಗೆ ಲ್ಯಾನ್ ಪೋರ್ಟ್ ಇಲ್ಲದಿದ್ದರೆ, ಚುಚ್ಚಿದ ಕೂಡಲೇ ವಿಂಡೋಸ್ ತಾನೇ ಗುರುತಿಸುವ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಕೊಳ್ಳಿ, ಅಂಗಡಿಯಲ್ಲೇ ಚುಚ್ಚಿ ತೋರಿಸಲು ಹೇಳಿ.

ಈಗಾಗಲೇ ಇಂಥದ್ದು ಹಾಕಿಸಿಕೊಂಡವರು ಸ್ಕ್ರೀನಿನ ಬಲಗಡೆ ಕೆಳಮೂಲೆ ನೋಡಿ. ‘ಟೆಸ್ಟ್ ಮೋಡ್’ ಅಂತ ಬರೆದಿದ್ದರೆ ಕೆಲಸ ಬಾಕಿ ಇದೆ. ಸೇಫ್ ಮೋಡ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಸಾಧನ ತೆಗೆಯುವಾಗ ಡ್ರೈವರನ್ನೂ ಅಳಿಸುವ ಟಿಕ್ ಹಾಕಿ. ಅದನ್ನು ಬಿಟ್ಟರೆ ವಿಂಡೋಸಿನ ಡ್ರೈವರ್ ಸಂಗ್ರಹದಲ್ಲಿ ಪ್ರತಿ ಉಳಿದು ಮುಂದಿನ ಸಲ ಕೇಬಲ್ ಚುಚ್ಚಿದಾಗ ಮತ್ತೆ ಕೂತುಕೊಳ್ಳುತ್ತದೆ. ಆಮೇಲೆ ಸರ್ಟಿಫಿಕೇಟ್‌ಗಳ (ಯಾರನ್ನು ನಂಬಬೇಕು ಅಂತ ವಿಂಡೋಸಿಗೆ ಹೇಳುವ ಗುರುತುಪತ್ರಗಳ) ಪಟ್ಟಿ ನೋಡಿ. ನನ್ನ ಮಿಷನ್‌ನಲ್ಲಿ ಆ ಹುಡುಗ ‘ಟ್ರಸ್ಟೆಡ್ ರೂಟ್’ ಒಳಗೆ ಯಾರೋ ಸ್ವಂತಕ್ಕೆ ಮಾಡಿಕೊಂಡ ಸರ್ಟಿಫಿಕೇಟ್ ಸೇರಿಸಿ ಹೋಗಿದ್ದ. ಅದರ ಗುಟ್ಟಿನ ಕೀ ಇರುವವರು ನಕಲಿ ಬ್ಯಾಂಕ್ ಪುಟಕ್ಕೂ ಬೀಗದ ಗುರುತು ಬರುವಂತೆ ಮಾಡಬಹುದು. ಹೆಸರು ನೋಡಿಕೊಂಡು ಅದೊಂದನ್ನೇ ಅಳಿಸಿ, ಉಳಿದವನ್ನು ಮುಟ್ಟಬೇಡಿ. ಕೊನೆಗೆ ಟೆಸ್ಟ್ ಮೋಡ್ ಆಫ್ ಮಾಡಿ ಸೆಕ್ಯೂರ್ ಬೂಟ್ ಆನ್ ಮಾಡಿ. ಲ್ಯಾಪ್‌ಟಾಪ್ ಆದರೆ ಬಯಾಸ್ ಮುಟ್ಟುವ ಮೊದಲೇ ಅಕೌಂಟ್ ಯಾರ ಹೆಸರಲ್ಲಿದೆ ನೋಡಿ, ನಿಮ್ಮದಕ್ಕೆ ಬದಲಿಸಿಕೊಂಡು, ಆ 48 ಅಂಕಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.