ಉಗುರುಸುತ್ತಿಗೆ ಲಿಂಬಿಹಣ್ಣು ಸಿಗಿಸಬೇಡ್ರಿ

ಗಂಗಾವತಿ ಕಡೆ ಭತ್ತದ ನಾಟಿ ಜೋರಾಗಿದ್ದಾಗ ಕೂಲಿ ಹೆಣ್ಣುಮಗಳೊಬ್ಬರಿಗೆ ಆದ ಪಾಡಿದು. ಹೆಬ್ಬೆರಳ ಉಗುರಿನ ಪಕ್ಕ ಎದ್ದಿದ್ದ ಚರ್ಮವನ್ನು ಹಲ್ಲಿನಿಂದ ಕಿತ್ತು, ಹಾಗೇ ಕೆಸರಿಗಿಳಿದರು. ಎರಡನೇ ದಿನ ಬೆರಳು ಕೆಂಪಾಗಿ ಪಟಪಟ ಮಿಡಿಯತೊಡಗಿತು. "ಲಿಂಬಿಹಣ್ಣಿಗೆ ತೂತು ಮಾಡಿ ಸಿಗಿಸ್ಕೋ ಯಕ್ಕಾ, ಎಲ್ಲಾ ಎಳಕೊಳ್ತೈತಿ" ಎಂದರು ಜೊತೆಯವರು. ಹಣ್ಣು ತಂಪೆನಿಸುತ್ತದೆ, ಮೋಸ ಇರುವುದೇ ಅಲ್ಲಿ. ಎರಡು ರಾತ್ರಿ ಕಳೆದು ತೆಗೆದಾಗ ಚರ್ಮ ನೀರಲ್ಲಿ ನೆನೆದ ಹಪ್ಪಳದಂತೆ ಬೆಳ್ಳಗೆ ಸುಲಿದಿತ್ತು, ಉಗುರಿನ ಬುಡದಲ್ಲಿ ಹಳದಿ ಕೀವು. ಅದರ ಮೇಲೆ ಸುಣ್ಣ ಮೆತ್ತಿದರು, ಅದು ಸುಟ್ಟಿತು. ಮೊದಲೇ ಸಕ್ಕರೆ ಕಾಯಿಲೆ. ಕೀವು ಬೆರಳ ತುದಿಯ ತಿರುಳಿಗಿಳಿದು, ಕೊಯ್ದು ಉಗುರು ತೆಗೆಯಬೇಕಾಯಿತು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಪೂರ್ತಿ ಬರಲು ಆರು ತಿಂಗಳು ಬೇಕು.

ಹೀಗೆ ದಿಢೀರನೆ ಬರುವ ಉಗುರುಸುತ್ತಿಗೆ ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಕಾರಣ. ಲಿಂಬೆಯ ಹುಳಿ ಅದನ್ನು ಒಳಗಿಂದ ಎಳೆಯುವುದಿಲ್ಲ. ಗಾಯವನ್ನು ಉರಿಸಿ, ಒದ್ದೆಯಾಗಿಯೇ ಇಟ್ಟು, ಕೀವು ಕಾಣದಂತೆ ಮುಚ್ಚಿಡುತ್ತದೆ.

ಕೀವು ಕಟ್ಟುವ ಮೊದಲು ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಉಗುರುಬೆಚ್ಚಗಿನ ನೀರಲ್ಲಿ ಬೆರಳನ್ನು 10ರಿಂದ 15 ನಿಮಿಷ ಅದ್ದಿಡಿ, ದಿನಕ್ಕೆ ಮೂರು-ನಾಲ್ಕು ಸಲ. ಸಕ್ಕರೆ ಕಾಯಿಲೆಯವರಿಗೆ ಬೆರಳು ಜೋಮು ಹಿಡಿದು ಬಿಸಿ ತಿಳಿಯದಿರಬಹುದು, ಆದ್ದರಿಂದ ನೀರನ್ನು ಮನೆಯ ಬೇರೆಯವರು ಮುಟ್ಟಿ ನೋಡಲಿ. ಆಮೇಲೆ ಸಂದಿಯಲ್ಲೂ ತೇವ ಉಳಿಯದಂತೆ ಒರೆಸಿ. ಕೆಸರು, ಮುಸುರೆ ಎರಡೂ ಬಿಡಿ. ಸೂಜಿ, ಪಿನ್ನಿನಿಂದ ಚುಚ್ಚಲೇಬೇಡಿ, ಸೋಂಕು ಇನ್ನೂ ಆಳಕ್ಕೆ ಹೋಗುತ್ತದೆ. ಎರಡು ದಿನದಲ್ಲಿ ಇಳಿಯದಿದ್ದರೆ, ಕೀವು ಕಂಡರೆ, ಜ್ವರ ಬಂದರೆ, ಕೈಮೇಲೆ ಕೆಂಪು ಗೆರೆ ಏರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಇದನ್ನೆಲ್ಲ ಕಾಯದೆ ಮೊದಲ ದಿನವೇ ತೋರಿಸಿ.

ದಿನವಿಡೀ ಪಾತ್ರೆ ತೊಳೆಯುವವರಿಗೆ, ಹೋಟೆಲ್ ಕೆಲಸದವರಿಗೆ ಬರುವುದು ಬೇರೆ ಥರ. ಆರು ವಾರ ದಾಟಿದರೂ ಹೋಗದು, ಕೀವು ಕಡಿಮೆ, ಉಗುರಿನ ಬುಡ ಉಬ್ಬಿಯೇ ಇರುತ್ತದೆ. ಸೋಪು ನೀರಿಗೆ ಚರ್ಮ ಸವೆದು ಕ್ಯಾಂಡಿಡಾ ಶಿಲೀಂಧ್ರವೂ ಸೇರಿಕೊಳ್ಳುತ್ತದೆ. ರಬ್ಬರ್ ಗ್ಲೌಸ್ ಒಂದನ್ನೇ ಹಾಕಿದರೆ ಒಳಗೆ ಬೆವರು ನಿಲ್ಲುತ್ತದೆ. ಅದರೊಳಗೆ ಹತ್ತಿಯದೂ ಇರಲಿ.

ಉಗುರು ದಪ್ಪಗಾಗಿ ಹಳದಿ ಪುಡಿ ಉದುರುತ್ತಿದ್ದರೆ ಫಂಗಸ್ ಇರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ಸ್ಟೆರಾಯ್ಡ್ ಬೆರೆಸಿದ ಟ್ಯೂಬ್ ಹಚ್ಚಬೇಡಿ, ಫಂಗಸ್ ಇನ್ನಷ್ಟು ಹಬ್ಬುತ್ತದೆ. ಉಗುರಿನ ಚೂರು ಪರೀಕ್ಷೆಗೆ ಕೊಟ್ಟು ಖಚಿತಪಡಿಸಿಕೊಂಡೇ ಮಾತ್ರೆ ಶುರುಮಾಡಿ. ಟರ್ಬಿನಾಫಿನ್ ಎಂಬ ಫಂಗಸ್ ಮಾತ್ರೆಯಾದರೆ ಸಾಮಾನ್ಯವಾಗಿ ಕೈಗೆ 6 ವಾರ, ಕಾಲಿಗೆ 12 ವಾರ, ಅದಕ್ಕೂ ಮೊದಲು ಲಿವರ್ ಪರೀಕ್ಷೆ.