ಗೋಸುಂಬೆಗೆ ಮನೆ: ಗಾಜೋ, ರೆಡಿಮೇಡ್ ಜಾಲರಿಯೋ, ಸೊಳ್ಳೆಪರದೆಯವನು ಮಾಡಿದ್ದೋ?

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಕಿಟಕಿಗೆ ಸೊಳ್ಳೆ ಜಾಲರಿ ಹಾಕುವವನು ಮಾಡಿಕೊಟ್ಟ ಅಲ್ಯೂಮಿನಿಯಂ ಗೂಡು. ಅದಕ್ಕೆ ಮುಂಚೆ ಎರಡು ಸಲ ದುಡ್ಡು ಸುರಿದು ಕೈಸುಟ್ಟುಕೊಂಡಿದ್ದೇನೆ.

ನಮ್ಮ ಪಚ್ಚ ಯೆಮೆನ್, ಸೌದಿ ಕಡೆಯ ವೇಲ್ಡ್ ಕೆಮೀಲಿಯನ್ ಜಾತಿಯ ಗಂಡು ಗೋಸುಂಬೆ. ಕಾಗದಪತ್ರ ಇದೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಿದೆ. ತೋಟದಲ್ಲಿ ಸಿಕ್ಕ ನಮ್ಮ ನಾಡಿನ ಗೋಸುಂಬೆಯನ್ನು ಸಾಕುವ ಆಸೆ ಇದ್ದರೆ ಇಲ್ಲಿಗೇ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. (ನಮ್ಮತ್ತೆಗೆ ಪಚ್ಚ ಇವತ್ತಿಗೂ ‘ಆ ಓತಿಕ್ಯಾತ’.)

ಮೊದಲು ತಂದದ್ದು ಗಾಜಿನ ಟ್ಯಾಂಕ್, 9,000 ರೂಪಾಯಿ. ಹಾಲ್‌ನಲ್ಲಿಟ್ಟರೆ ಷೋಕೇಸ್ ಥರ ಚೆಂದ. ಒಳಗೆ ಬಿಟ್ಟ ಅರ್ಧ ಗಂಟೆಗೆ ಪಚ್ಚ ಕಪ್ಪಿಟ್ಟ. ಮೈ ಚಪ್ಪಟೆ ಮಾಡಿ, ಗಂಟಲು ಉಬ್ಬಿಸಿ, ಬಾಯಿ ತೆರೆದುಕೊಂಡು ಎಡಗಡೆಯ ಗಾಜಿಗೆ ಎದುರಾಗಿ ತೂಗಾಡುತ್ತ ನಿಂತ. ಅಲ್ಲಿದ್ದದ್ದು ಅವನದೇ ಪ್ರತಿಬಿಂಬ. ಇನ್ನೊಂದು ಗಂಡು ಕಣ್ಣಿಗೆ ಬಿದ್ದರೆ ಇವಕ್ಕೆ ಆಗದು. ಮೂರು ದಿನ ಹುಳ ಮುಟ್ಟಲಿಲ್ಲ. ಸುತ್ತಲೂ ಪೇಪರ್ ಅಂಟಿಸಿದ ಮೇಲೆ ಷೋಕೇಸ್‌ನ ಚೆಂದವೂ ಹೋಯಿತು. ನಮ್ಮದು ಬೋರ್‌ವೆಲ್ ನೀರು, ಗಾಜಿನ ತುಂಬ ಬಿಳಿ ಕಲೆ. ಒಣಹವೆಯ ಊರಿನವರಿಗೆ ಗಾಜು ತೇವ ಹಿಡಿದಿಡುತ್ತದೆ ಅನ್ನುವುದೇ ಅನುಕೂಲ. ಇಲ್ಲಿ ಮಳೆಗಾಲದಲ್ಲಿ ಒಗೆದ ಬನಿಯನ್ನೇ ಒಣಗುವುದಿಲ್ಲ, ಟ್ಯಾಂಕಿನ ತಳಕ್ಕೆ ಬೂಷ್ಟು ಹಿಡಿಯಿತು.

ಎರಡನೆಯದು ಆನ್‌ಲೈನ್‌ನಲ್ಲಿ ತರಿಸಿದ ರೆಡಿಮೇಡ್ ಜಾಲರಿ ಗೂಡು. 2 ಅಡಿ ಉದ್ದ, 2 ಅಡಿ ಅಗಲ, 4 ಅಡಿ ಎತ್ತರ, 17,000. ಬೆಳೆದ ಗಂಡಿಗೆ ಅಷ್ಟಾದರೂ ಬೇಕು. ಗಾಳಿ ಆಡುತ್ತದೆ, ಪ್ರತಿಬಿಂಬದ ಕಾಟ ಇಲ್ಲ. ಮಾರನೇ ದಿನವೇ ಪಚ್ಚ ಹಸಿರಾದ. ಕಥೆ ಅಲ್ಲಿಗೇ ಮುಗಿಯಬೇಕಿತ್ತು, ನೀರು ಬಿಡಲಿಲ್ಲ.

ಗೋಸುಂಬೆ ಬಟ್ಟಲಿಗೆ ಬಾಯಿ ಹಾಕಿ ಕುಡಿಯುವ ಪ್ರಾಣಿ ಅಲ್ಲ. ಎಲೆ ಮೇಲೆ ಹನಿ ನಿಂತು ಮಿನುಗಬೇಕು, ಆಗ ನೆಕ್ಕುತ್ತದೆ. ಅದಕ್ಕೆ ಬೆಳಗ್ಗೆ, ಸಂಜೆ ಸ್ಪ್ರೇ ಮಾಡಬೇಕು. ನಾನಂತೂ ದಿನಕ್ಕೆ ಒಂದು ಲೀಟರ್ ಹೊಡೆಯುತ್ತೇನೆ. ಅಷ್ಟೂ ನೀರು ಕೆಳಗಿಳಿಯಲೇಬೇಕಲ್ಲ? ಈ ಗೂಡಿನ ತಳ ಸಪಾಟು ಪ್ಲಾಸ್ಟಿಕ್ ಹಲಗೆ, ಒಂದು ತೂತಿಲ್ಲ, ಅಂಚಿಲ್ಲ. ನೀರು ಮೂಲೆಗೆ ಹರಿದು ಸ್ಕ್ರೂ ಸಂದಿಯಿಂದ ಜಿನುಗಿ ನೆಲಕ್ಕೆ ಬರುತ್ತಿತ್ತು. ಹಳೇ ಟವೆಲ್ ಹಾಸಿದೆ, ಎರಡೇ ದಿನಕ್ಕೆ ನಾತ. ಗೂಡಿನ ಕೆಳಗೆ ಟ್ರೇ ಕೊಟ್ಟೆ, ಗೂಡು ಅಲ್ಲಾಡತೊಡಗಿತು. ನಾನೇ ತೂತು ಕೊರೆದೆ. ದಾಸವಾಳದ ಕುಂಡದ ಭಾರಕ್ಕೆ ಹಲಗೆ ಬೇರೆಲ್ಲೋ ತಗ್ಗಾಗಿ, ನೀರು ತೂತಿನ ಹತ್ತಿರ ಸುಳಿಯಲೇ ಇಲ್ಲ.

ಒಂದು ಭಾನುವಾರ ಬೆಳಗ್ಗೆ ಇಡೀ ಮನೆಯ ಕರೆಂಟ್ ಟ್ರಿಪ್ ಆಯಿತು. ಸ್ಟ್ಯಾಂಡಿನ ಹಿಂದಿದ್ದ ಎಕ್ಸ್‌ಟೆನ್ಷನ್ ಬಾಕ್ಸಿಗೆ ನೀರು ಇಳಿದಿತ್ತು. ಸಾಕಪ್ಪಾ ಅಂತ ಗೂಡನ್ನು ಬಾಲ್ಕನಿಗೆ ಸಾಗಿಸಿದೆ. ಮಾರನೇ ದಿನ ಕೆಳಗಿನ ಮನೆ ಆಂಟಿ ಮೇಲೆ ಬಂದರು. “ಏನಮ್ಮಾ, ನಿಮ್ಮ ಗಿಡದ ನೀರು ನಮ್ಮ ಸೀರೆ ಮೇಲೆ ತೊಟ್ಟಿಕ್ತಿದೆ.” ಗಿಡದ್ದಷ್ಟೇ ಅಲ್ಲ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಅದೇ ವಾರ ಅವರ ಮನೆ ಕಿಟಕಿಗೆ ಜಾಲರಿ ಹಾಕಲು ಬಂದವನನ್ನು ಮೇಲಕ್ಕೆ ಕರೆದೆ. “ಕೋಳಿಗಾ ಮೇಡಂ?” ಅಂದ. ಪಚ್ಚನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ನೀರಿನ ವಿಷಯ ಹೇಳಿದ್ದೇ ತಡ, ಟೇಪ್ ತೆಗೆದ. “ಬಚ್ಚಲಿಗೆ ಕೊಟ್ಟ ಹಾಗೆ ವಾಟ ಕೊಡ್ಬೇಕು ಮೇಡಂ, ಇಲ್ಲಾಂದ್ರೆ ನೀರು ಹೆಂಗೋಯ್ತದೆ?” ತಳಕ್ಕೆ ಸ್ಟೀಲ್ ತಗಡು, ನಾಲ್ಕು ಕಡೆಯಿಂದ ನಡುವಿಗೆ ಇಳಿಜಾರು, ನಡುವೆ ತೂತು, ಅದಕ್ಕೆ ಎಸಿ ನೀರು ಹೋಗುವ ಪೈಪು, ತುದಿಯಲ್ಲಿ ಖಾಲಿ ಪೇಂಟ್ ಬಕೆಟ್. ಕುಂಡ ತಗಡಿನ ಮೇಲೆ ಕೂರುವುದಿಲ್ಲ, ಅಡ್ಡಪಟ್ಟಿಯ ಮೇಲೆ ಕೂರುತ್ತದೆ. ಒಟ್ಟು 7,200. ಬಕೆಟ್ ನೀರು ವಾಪಸ್ ಬಾಲ್ಕನಿಯ ಗಿಡಗಳಿಗೆ.

ಇದಕ್ಕೂ ಕೊರತೆ ಇದೆ. ನೈಲಾನ್ ಜಾಲರಿಯನ್ನು ಪಚ್ಚನಿಗೆ ತಿನ್ನಲು ಬಿಡುವ ಕ್ರಿಕೆಟ್ ಹುಳಗಳು ಕಡಿದುಹಾಕುತ್ತವೆ ಅಂತ ಕಾಲು ಇಂಚಿನ ಕಣ್ಣಿನ, ಪ್ಲಾಸ್ಟಿಕ್ ಲೇಪನದ ತಂತಿ ಜಾಲರಿ ಹಾಕಿಸಿದೆ. ಸಣ್ಣ ಹುಳಗಳು ಅದರಲ್ಲಿ ಆರಾಮಾಗಿ ಹೊರಬಿದ್ದವು, ನಮ್ಮ ಗೋಡೆಯ ಹಲ್ಲಿಗಳೆಲ್ಲ ಕೊಬ್ಬಿದವು. ಈಗ ಹುಳವನ್ನು ಆಳದ ಡಬ್ಬಿಯಲ್ಲಿ ಹಾಕಿ ಕೊಡುತ್ತೇನೆ. ಬಾಗಿಲು ಕಿರುಗುಟ್ಟುತ್ತದೆ. ಚೆಂದದ ಮಾತಂತೂ ಕೇಳಬೇಡಿ.

ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ಗೋಸುಂಬೆಗೆ ಕೊಡುವ ಯುವಿಬಿ ಟ್ಯೂಬ್‌ಲೈಟಿನ ಖರ್ಚು ಮೂರು ಗೂಡಿಗೂ ಒಂದೇ. ಕಿಟಕಿ ಗಾಜಿನ ಹಿಂದಿನ ಬಿಸಿಲು ಅದಕ್ಕೆ ಬದಲಾಗುವುದಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ.

ನಾನು ಮನೆಯಿಂದಲೇ ಕೆಲಸ ಮಾಡುವವಳು, ಮನೆ ಸ್ವಂತದ್ದು, ಈ ಗೂಡು ಇಟ್ಟಲ್ಲೇ ಇರುತ್ತದೆ. 11 ತಿಂಗಳ ಅಗ್ರಿಮೆಂಟಿನವರಿಗೆ ಬಿಚ್ಚಿ ಕಟ್ಟಲು ರೆಡಿಮೇಡೇ ಸುಲಭ, ತಳವನ್ನು ಮಾತ್ರ ಮೊದಲೇ ಸರಿ ಮಾಡಿಸಿಕೊಳ್ಳಿ. ಗಾಜಿನ ಟ್ಯಾಂಕಿನಲ್ಲಿ ಈಗ ಕ್ರಿಕೆಟ್ ಹುಳ ಸಾಕುತ್ತಿದ್ದೇನೆ. ಅವಕ್ಕೆ ಪ್ರತಿಬಿಂಬದ ತಕರಾರಿಲ್ಲ, ರಾತ್ರಿಯಿಡೀ ಹಾಡುತ್ತವೆ. ರೆಡಿಮೇಡ್ ಗೂಡು ಸ್ನೇಹಿತರು ಯಾರು ಕೇಳಿದರೂ ಅರ್ಧ ಬೆಲೆಗೆ ಕೊಡುತ್ತೇನೆ, ಟವೆಲ್ ಫ್ರೀ.